ಟಸ್ಕನಿ ಗುಡ್ಡಕ್ಕೆ ಅಪ್ಪನ ಡ್ಯೂಟಿ

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಮನೆಯವರು ಹೇಗೂ ಹೇಳುತ್ತಾರೆ. ಹುಬ್ಬಳ್ಳಿಯ ಸಂತೆಯಲ್ಲಿ ಯಾರಾದರೂ ಒಂದು ಕಟ್ಟು ಕೊತ್ತಂಬರಿ ಸುಮ್ಮನೆ ಚೀಲಕ್ಕೆ ಹಾಕಿದರೆ, ಅಡಿಯಲ್ಲಿರುವ ಬದನೆಕಾಯಿ ಹುಳುಕಿರಬೇಕು ಎಂದು ಅಲ್ಲೇ ಚೀಲ ಬಗ್ಗಿಸಿ ನೋಡುತ್ತಿದ್ದವಳು ನಾನು. ಅಮೆರಿಕಕ್ಕೆ ಬಂದ ಮೇಲೂ ಈ ಗುಣ ಬಿಡಲಿಲ್ಲ. ಗ್ರೋಸರಿ ಅಂಗಡಿಯ ಹುಡುಗಿ ಹಲ್ಲು ಕಿಸಿದು ‘ಹೇಗಿದ್ದೀರಿ’ ಎಂದರೆ, ಇವಳಿಗೆ ನನ್ನಿಂದ ಏನಾಗಬೇಕು ಎಂದು ಯೋಚಿಸುತ್ತ ಮನೆಗೆ ಬರುತ್ತಿದ್ದೆ.

ಹಾಗಾಗಿ ಒಂದು ಸಂಜೆ ಇವರು, ಅಂದರೆ ನನ್ನ ಗಂಡ, ಇನ್ನೂ ಬಿಸಿಲಿರುವಾಗಲೇ ಆಫೀಸಿನಿಂದ ಬಂದು, ಬ್ಯಾಗಿನಿಂದ ಏಳೆಂಟು ಪ್ರಿಂಟ್ ಹಾಳೆ ತೆಗೆದು ಊಟದ ಟೇಬಲ್ಲಿನ ಮೇಲೆ ಹರಡಿ, "ಇಟಲಿಗೆ ಹೋಗೋಣ್ವಾ?" ಎಂದಾಗ ನನ್ನ ಕಿವಿ ನೆಟ್ಟಗಾಯಿತು.

ಅದು ಡಾಟ್‌ಕಾಮ್ ಕಂಪನಿಗಳು ದಿನಕ್ಕೊಂದು ಹುಟ್ಟುತ್ತಿದ್ದ ಕಾಲ. ಪ್ಲೆಸೆಂಟನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಸಾರು ಬಡಿಸುವ ಮುಂಚೆಯೇ ಷೇರಿನ ಮಾತು. ಇವರು ವಾರಕ್ಕೆ ಆರು ದಿನ ಆಫೀಸಿನಲ್ಲಿ ದುಡಿದು, ಏಳನೆಯ ದಿನ ಮನೆಯಲ್ಲಿ ಫೋನು ಹಿಡಿದು ದುಡಿಯುತ್ತಿದ್ದರು. ನಾಲ್ಕು ವರ್ಷದ ಸಂಸಾರದಲ್ಲಿ ನಾನು ಕಂಡ ಪ್ರವಾಸವೆಂದರೆ ಊರಿನಿಂದ ಯಾರಾದರೂ ಬಂದಾಗ ಗೋಲ್ಡನ್ ಗೇಟ್ ಸೇತುವೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು. ಅಂಥ ಮನುಷ್ಯ ತಾನಾಗಿಯೇ ಇಟಲಿ, ಹಳ್ಳಿ, ದ್ರಾಕ್ಷಿ ತೋಟ ಎನ್ನುತ್ತಿದ್ದರೆ ನಾನು ಏನೆಂದು ತಿಳಿಯಬೇಕು?

"ಕೆಲಸ ಹೋತೇನ್ರಿ?" ಎಂದು ನೇರವಾಗಿ ಕೇಳಿದೆ.

"ಬಿಡ್ತು ಅನ್ನು! ಪ್ರಾಜೆಕ್ಟು ಮುಗೀತು, ಬಾಸೇ ಹತ್ತು ದಿನ ರಜ ತಗೋ ಅಂದ. ಐದು ದಿನ ಇಟಲಿ. ಟೂರ್ ಬಸ್ಸು, ಗೈಡು ಏನೂ ಬೇಡ. ಒಂದು ಕಾರು ಬಾಡಿಗೆಗೆ ತಗೊಂಡು ನಾವೇ ಓಡಿಸ್ಕೊಂಡು ಹಳ್ಳಿ ಹಳ್ಳಿ ಸುತ್ತೋದು."

ಹಾಳೆಯಲ್ಲಿ ಟಸ್ಕನಿಯ ಒಂದು ಗುಡ್ಡದ ಮೇಲಿನ ತೋಟದ ಮನೆಯ ಚಿತ್ರವಿತ್ತು. ಇತ್ತು ಎಂದರೆ, ಅರ್ಧ ಇತ್ತು. ಆಗೆಲ್ಲ ಚಿತ್ರಗಳು ಕಂಪ್ಯೂಟರಿನಲ್ಲಿ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿದು ಬರುತ್ತಿದ್ದವು. ಇದರಲ್ಲಿ ಮೊದಲು ಆಕಾಶ ಬಂದಿತ್ತು, ಆಮೇಲೆ ಕೆಂಪು ಹೆಂಚು, ಆಮೇಲೆ ಮಾಳಿಗೆಯ ಎರಡು ಕಿಟಕಿ, ಅಲ್ಲಿಗೆ ಲೈನು ಕಟ್ಟಾಗಿತ್ತು. ಕೆಳಗೆ ಬರೀ ಬಿಳಿ ಕಾಗದ.

"ಕೆಳಗಿನ ಅರ್ಧ ಯಾಕ ತೋರ್ಸಿಲ್ರಿ ಅವ್ರು?" ಎಂದೆ.

"ನೆಟ್ಟು ಸ್ಲೋ ಇತ್ತು ತಾಯೀ!" ಎಂದು ಇವರು ಹಣೆ ಚಚ್ಚಿಕೊಂಡರು.

ನನಗೆ ಸಮಾಧಾನವಾಗಲಿಲ್ಲ. ಮನೆಯ ಯಜಮಾನಿ ಬರೆದಿದ್ದ ಇ-ಮೇಲನ್ನು ಓದಿದ ಮೇಲಂತೂ ಇನ್ನೂ ಆಗಲಿಲ್ಲ. ನೀವು ಬರುವ ಹೊತ್ತಿಗೆ ನಾನು ಹೊಲದಲ್ಲಿರಬಹುದು, ಬೀಗದ ಕೈ ಹೂಕುಂಡದ ಕೆಳಗಿರುತ್ತದೆ, ಒಳಗೆ ಹೋಗಿ ಕೂತಿರಿ ಎಂದು ಬರೆದಿದ್ದಳು. ಗುರುತಿಲ್ಲ ಪರಿಚಯವಿಲ್ಲ, ಮುಖ ನೋಡದವರಿಗೆ ಬೀಗದ ಕೈ ಎಲ್ಲಿದೆ ಎಂದು ತಿಳಿಸುವವರು ಎಂಥ ಜನ? ಒಂದೋ ಮನೆಯಲ್ಲಿ ಕದಿಯಲು ಏನೂ ಇರಬಾರದು, ಇಲ್ಲವೇ ಮನೆಯೇ ಅವಳದಾಗಿರಬಾರದು.

ಇಷ್ಟರ ಮೇಲೆ ಕಾರಿನ ವಿಷಯ ಬಂತು. ಆ ಕಡೆಯ ಬಾಡಿಗೆ ಕಾರುಗಳೆಲ್ಲ ಗೇರಿನ ಕಾರುಗಳಂತೆ. ಇವರು ಬೆಂಗಳೂರಿನಲ್ಲಿ ಓಡಿಸಿದ್ದು ಸ್ಕೂಟರು, ಕಾರು ಕಲಿತದ್ದು ಅಮೆರಿಕದಲ್ಲಿ, ಅದೂ ಆಟೋಮ್ಯಾಟಿಕ್. ನಾನು ಲೈಸೆನ್ಸ್ ತೆಗೆದುಕೊಂಡದ್ದು ಆ ಚಳಿಗಾಲದಲ್ಲಷ್ಟೇ, ಅದೂ ಆಟೋಮ್ಯಾಟಿಕ್ ಕಾರಿನಲ್ಲೇ. ಅಲ್ಲಿಗೆ ಇಟಲಿ ಮುಗಿಯಿತು ಎಂದುಕೊಂಡೆ. ಆದರೆ ಇವರು ನನ್ನ ಮುಖವನ್ನೇ ನೋಡುತ್ತ, "ಮಾವ ಬರ್ತಿದಾರಲ್ಲ!" ಎಂದರು.

ಮಾವ ಎಂದರೆ ನನ್ನ ಅಪ್ಪ. ಅಪ್ಪ ಸರಕಾರಿ ಬಸ್ಸಿನ ಡ್ರೈವರ್. ಹುಬ್ಬಳ್ಳಿಯಿಂದ ಕಾರವಾರಕ್ಕೆ, ಅರಬೈಲ್ ಘಾಟಿಯ ತಿರುವುಗಳಲ್ಲಿ ಜೀವಮಾನವಿಡೀ ಬಸ್ಸು ಓಡಿಸಿ, ಬಸ್ಸಿಗೆ ಒಂದು ಗೀರೂ ಬೀಳಿಸದೆ ನಿವೃತ್ತನಾದವನು. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು, ಅವ್ವ ತೀರಿಕೊಂಡು ಒಂದು ವರ್ಷ. ಬಾ ಎಂದು ಎಷ್ಟು ಕರೆದರೂ ಅಮೆರಿಕಕ್ಕೆ ಒಲ್ಲೆ ಎನ್ನುತ್ತಿದ್ದವನು, ಆ ಚಳಿಗಾಲದಲ್ಲಿ ತಾನಾಗಿಯೇ ಬರುತ್ತೇನೆ ಎಂದಿದ್ದ. ಮುಂದಿನ ತಿಂಗಳು ಬರುವವನಿದ್ದ. ಬೇ ಏರಿಯಾದಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಸಾಕು, ಒಬ್ಬರು ತಮ್ಮಪ್ಪ ಡಾಕ್ಟರ್ ಎನ್ನುವರು, ಒಬ್ಬರು ಪ್ರೊಫೆಸರ್ ಎನ್ನುವರು. ನಾನು ಎದೆ ಸೆಟೆಸಿ ನಮ್ಮಪ್ಪ ಘಾಟಿ ಡ್ರೈವರ್ ಎನ್ನುತ್ತಿದ್ದೆ. ಆ ಜಂಬಕ್ಕೆ ಸರಿಯಾಗಿ ಇವರು ಈಗ ಗಾಳ ಹಾಕಿದ್ದರು.

"ನಮ್ಮಪ್ಪನ್ನ ಬಿಟ್ಟಿ ಡ್ರೈವರ್ ಮಾಡ್ಕೊಂಡು ಮಜಾ ಮಾಡಾಕ ಇಟಲಿ ಹುಡುಕೀರೇನ್ರಿ?" ಎಂದು ಎದ್ದು ನಿಂತೆ.

"ಅಯ್ಯೋ, ನನಗೆ ಈಗ ಹೊಳೀತು ಕಣೇ, ಆಣೆಗೂ!"

ಆಣೆ ಹಾಕಿದರೆ ನನಗೆ ಅನುಮಾನ ಇನ್ನೂ ಹೆಚ್ಚು. ಎರಡು ದಿನ ಮಾತು ಬಿಟ್ಟೆ. ಆದರೆ ಮೂರನೆಯ ದಿನ ಪಾತ್ರೆ ತೊಳೆಯುತ್ತ ನಿಂತಾಗ, ಆ ಗುಡ್ಡಗಳ ರಸ್ತೆಯಲ್ಲಿ ಅಪ್ಪ ಸ್ಟೇರಿಂಗ್ ಹಿಡಿದು ಕೂತಿರುವುದು, ನಾನು ಹಿಂದಿನ ಸೀಟಿನಲ್ಲಿ ಕಾಲು ಚಾಚಿರುವುದು ಕಣ್ಣಿಗೆ ಕಟ್ಟಿತು. ಚಿಕ್ಕವಳಿದ್ದಾಗ ಒಂದೇ ಒಂದು ಸಲ ಅಪ್ಪನ ಬಸ್ಸಿನಲ್ಲಿ ಘಾಟಿ ಇಳಿದಿದ್ದೆ. ಸುಳ್ಳೇಕೆ, ನನಗೂ ಆಸೆಯಾಯಿತು. ಕೈ ಒರೆಸಿಕೊಂಡು ಹುಬ್ಬಳ್ಳಿಗೆ ಫೋನು ಹಚ್ಚಿದೆ.

"ಅಪ್ಪಾ, ಇಟಲಿಯೊಳಗ ಗಾಡಿ ಹೊಡಿತೀ ಏನು?"

ಲೈನು ಹೋಯಿತೇನೋ ಎಂದು ಹಲೋ ಹಲೋ ಎಂದೆ.

"ನೋಡೂಣವ್ವ," ಎಂದ ಅಪ್ಪ. "ಮದಲ ನಿನ್ನಲ್ಲಿಗೆ ಬರ್ತೀನಿ."

ಗಾಡಿ ಎಂದರೆ ಚಪ್ಪಲಿ ಹುಡುಕುತ್ತಿದ್ದವನು ನೋಡೋಣ ಎನ್ನುತ್ತಾನೆಯೇ? ಬರುವ ಮುಂಚೆ ಆರ್‌ಟಿಓ ಆಫೀಸಿಗೆ ಹೋಗಿ ಅಂತರರಾಷ್ಟ್ರೀಯ ಪರ್ಮಿಟ್ಟು ಮಾಡಿಸಿಕೊ ಎಂದು ಹೇಳಿದ್ದೆ. ಹೂಂ ಎಂದಿದ್ದ.

ಅಪ್ಪ ಏರ್‌ಪೋರ್ಟಿನಲ್ಲಿ ವೀಲ್‌ಚೇರಿನಲ್ಲಿ ಬಂದ. ಅದರ ಬಗ್ಗೆ ಮಾತ್ರ ನನಗೆ ಅನುಮಾನ ಬರಲಿಲ್ಲ, ಅದೇ ನನ್ನ ತಪ್ಪು. ನಮ್ಮವರ ಅಪ್ಪ ಅಮ್ಮಂದಿರೆಲ್ಲ ವೀಲ್‌ಚೇರಿನಲ್ಲೇ ಬರುವುದು. ಗಟ್ಟಿಮುಟ್ಟಾಗಿದ್ದರೂ ವೀಲ್‌ಚೇರ್ ಹೇಳಿಬಿಡುತ್ತೇವೆ. ತಳ್ಳುವವನು ಇಮಿಗ್ರೇಷನ್ ದಾಟಿಸುತ್ತಾನೆ, ಸೂಟ್‌ಕೇಸ್ ಹುಡುಕಿಕೊಡುತ್ತಾನೆ, ಇಂಗ್ಲಿಷ್ ಮಾತಾಡುವ ತಾಪತ್ರಯ ತಪ್ಪುತ್ತದೆ. ಅಪ್ಪ ಮೊಣಕಾಲು ನೋವು ಎಂದ, ನಾನು ಸರಿ ಎಂದೆ.

ಪರ್ಮಿಟ್ಟು ಕೇಳಿದೆ. "ಸಾಹೇಬ್ರು ರಜಾ ಮ್ಯಾಲ ಇದ್ರವ್ವ," ಎಂದ. ಲೈಸೆನ್ಸ್ ಕೇಳಿದೆ. "ಊರಾಗ ಉಳೀತು," ಎಂದ. ಡ್ರೈವರ್ ಆದವನು ಲೈಸೆನ್ಸ್ ಬಿಟ್ಟು ಊರು ದಾಟುವುದುಂಟೇ? ಲೈಸೆನ್ಸನ್ನು ಒಳಜೇಬಿನಲ್ಲಿಟ್ಟುಕೊಂಡೇ ನನ್ನ ಮದುವೆಯಲ್ಲಿ ತಲೆಯ ಮೇಲೆ ಅಕ್ಕಿಕಾಳು ಹಾಕಿದವನು ಅವನು!

ಅದಕ್ಕಿಂತ ವಿಚಿತ್ರವಾದದ್ದು ಅವನ ಮೌನ. ಊರಿನಲ್ಲಿ ಯಾರ ಕಾರಿನಲ್ಲಿ ಕೂತರೂ ಅಪ್ಪನ ಬಾಯಿ ಸುಮ್ಮನಿರುತ್ತಿರಲಿಲ್ಲ. ಕ್ಲಚ್ ಮ್ಯಾಲ ಕಾಲ ಯಾಕ ಇಟ್ಟಿ, ಬ್ರೇಕ್ ಏನ್ ನಿಮ್ಮಪ್ಪನ ಮನಿದ ಎಂದು ಓಡಿಸುವವನ ಬೆವರಿಳಿಸುತ್ತಿದ್ದ. ಇಲ್ಲಿ ಇವರು ಫ್ರೀವೇಯಲ್ಲಿ ಗಕ್ಕನೆ ಬ್ರೇಕು ಒತ್ತಿ ನಮ್ಮೆಲ್ಲರ ಹಣೆ ಮುಂದಿನ ಸೀಟಿಗೆ ತಗುಲುವಂತೆ ಮಾಡಿದರೂ ಅಪ್ಪ ತುಟಿ ಬಿಚ್ಚಲಿಲ್ಲ. ಬದಲಿಗೆ ಕೇಳುತ್ತಿದ್ದುದು ನನ್ನನ್ನು, ಅದೂ ನಾನು ಓಡಿಸುವಾಗ: "ಎಡಕ್ಕ ಏನ ಹೋತವ್ವ ಈಗ? ಬಲಕ್ಕ ಏನ ಬಂತು?" ಲಾರಿ ಬಂತಪ್ಪ, ಮೋಟಾರ್ ಸೈಕಲ್ ಹೋಯಿತಪ್ಪ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಹೊಸ ದೇಶ, ಕುತೂಹಲ ಎಂದರು ಇವರು. ನನಗೆ ಹಾಗೆನ್ನಿಸಲಿಲ್ಲ. ಏನೋ ಇದೆ, ಅಪ್ಪ ಏನೋ ನುಂಗಿಕೊಂಡಿದ್ದಾನೆ.

ಲಾಸ್ ಆಲ್ಟೋಸಿನಲ್ಲಿದ್ದ ಇವರ ಸಹೋದ್ಯೋಗಿಯೊಬ್ಬ ತನ್ನ ಹಳೆಯ ಗೇರಿನ ಕಾರನ್ನು ಎರಡು ವಾರ ಇಟ್ಟುಕೊಳ್ಳಿ ಎಂದು ಕೊಟ್ಟ. ನಮ್ಮ ಮನೆಯ ಹತ್ತಿರದ ಆಫೀಸು ಕಟ್ಟಡಗಳ ಪಾರ್ಕಿಂಗ್ ಜಾಗ ಸಂಜೆಯ ಹೊತ್ತಿಗೆ ಖಾಲಿಯಾಗುತ್ತಿತ್ತು. ಅಲ್ಲಿಗೆ ಅಪ್ಪನನ್ನು ಕರೆದುಕೊಂಡು ಹೋಗಿ, ಡ್ರೈವರ್ ಸೀಟಿನ ಬಾಗಿಲು ತೆಗೆದು, ಕೂರಿ ಮಾವ ಎಂದರು ಇವರು. ಅಪ್ಪ ಸ್ಟೇರಿಂಗಿನ ಮೇಲೆ ಒಮ್ಮೆ ಕೈಯಾಡಿಸಿ ಹಿಂದೆ ಸರಿದ.

"ಇದು ಎಡಗಡೆ ಸ್ಟೇರಿಂಗ್ ಅಳಿಯಂದ್ರ, ನನ್ನ ಕೈಗೆ ಕೂಡಂಗಿಲ್ಲ. ನಿಮಗ ಕಲಿಸ್ತೀನಿ, ನೀವ ಹೊಡೀರಿ."

ಇವರು ಕೂತರು. ಕಾರು ಕಪ್ಪೆಯಂತೆ ಕುಪ್ಪಳಿಸಿ ಕುಪ್ಪಳಿಸಿ ನಿಂತಿತು. ನಾಲ್ಕು ದಿನ ಇದೇ ಗತಿ. ನಾನು ನಕ್ಕು ನಕ್ಕು ಸುಸ್ತಾದೆ. ಐದನೆಯ ದಿನ ಅಪ್ಪ, "ನೀ ಕೂಡವ್ವ," ಎಂದ. ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡು, "ಎಂಜಿನ್ ಏನಂತೈತಿ ಕೇಳು. ಗೇರ್ ಬೇಡಾಕತ್ತೈತಿ, ಕೊಡು. ಹಾಂ, ಈಗ ಬಿಡು ಹಗೂರಕ," ಎನ್ನುತ್ತಿದ್ದ. ಅವನ ಕಿವಿಗೆ ಕಾರಿನ ಪ್ರತಿ ನರವೂ ಕೇಳುತ್ತಿತ್ತು. ವಾರದೊಳಗೆ ನಾನು ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಎತ್ತುವುದನ್ನೂ ಕಲಿತೆ. ಇವರು ಹೊಟ್ಟೆಕಿಚ್ಚಿನಿಂದ ಚಪ್ಪಾಳೆ ತಟ್ಟಿದರು.

ಕಲಿತಾಯಿತು, ಇನ್ನೇಕೆ? ಆದರೆ ಅಪ್ಪ ಬಿಡಲಿಲ್ಲ. ದಿನಾ ಹೊತ್ತು ಮುಳುಗುವಾಗಲೇ ಹೋಗಬೇಕು ಎಂದು ಹಟ ಹಿಡಿದ. ನನ್ನನ್ನು ಕಾರಿನಲ್ಲಿ ಕೂರಿಸಿ, ತಾನು ಇಳಿದು ಪಾರ್ಕಿಂಗಿನ ಒಂದು ಮಗ್ಗುಲಿಗೆ ಹೋಗಿ ನಿಲ್ಲುತ್ತಿದ್ದ, ಕೈಯಲ್ಲಿ ಬಿಳಿ ಟವೆಲು. "ನೇರ ಮುಂದ ನೋಡಕೋತ ಹೋಗು. ನನ್ನ ಕಡೆ ತಿರಗಿ ನೋಡಬ್ಯಾಡ. ಟವೆಲ್ ಎತ್ತಿದ್ದು ಕಂಡ್ರ ಹಾರ್ನ್ ಹೊಡಿ." ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಬೆಳಕು ಮಸುಕಾಗುತ್ತಾ ಹೋದಂತೆ ಅವನು ಇನ್ನೂ ದೂರ ಸರಿಯುತ್ತಿದ್ದ.

"ಇದ್ಯಾವ ಡ್ರೈವಿಂಗ್ ಸ್ಕೂಲು ಮಾವ?" ಎಂದು ಇವರು ನಕ್ಕರು.

"ಡಿಪೋದಾಗ ಹಿಂಗ ಕಲಸ್ತಾರ್ರಿ."

ನಾನು ಡಿಪೋದ ಓಣಿಯಲ್ಲೇ ಬೆಳೆದವಳು. ಅರ್ಧ ಹುಬ್ಬಳ್ಳಿಯ ಡ್ರೈವರುಗಳು ನಮ್ಮ ಕಟ್ಟೆಯ ಮೇಲೆ ಚಹಾ ಕುಡಿದಿದ್ದಾರೆ. ಟವೆಲು ಎತ್ತಿ ಕಲಿಸುವುದನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಅಪ್ಪ ಸುಳ್ಳು ಹೇಳುತ್ತಿದ್ದ. ನನಗೆ ಸುಳ್ಳು ಹೇಳುತ್ತಿದ್ದ! ಯಾಕೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಆಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪಾರ್ಕಿಂಗಿನ ಅಂಚಿಗೆ ಕೆಂಪು ಬಣ್ಣ ಬಳಿದ ಸಿಮೆಂಟಿನ ದಂಡೆಯಿತ್ತು. ಅಪ್ಪ ಕಾರಿಗೆ ಮರಳುವಾಗ ಅದಕ್ಕೆ ಎಡವಿದ. ಮರುದಿನವೂ ಅಲ್ಲೇ ಎಡವಿದ. ಅದರ ಮರುದಿನವೂ.

ಆಮೇಲೆ ನಾನು ಮಾಡಿದ್ದು ಒಳ್ಳೆಯ ಕೆಲಸವಲ್ಲ. ಮರುದಿನ ಮಧ್ಯಾಹ್ನ, ಇವರು ಆಫೀಸಿಗೆ ಹೋಗಿದ್ದಾಗ, ಆ ತೋಟದ ಮನೆಯ ಹಾಳೆಯನ್ನು ಅಪ್ಪನ ಕೈಗಿಟ್ಟೆ. ಅರ್ಧಕ್ಕೆ ನಿಂತ ಅದೇ ಚಿತ್ರ.

"ಅಪ್ಪಾ, ನಾವು ಇಳಕೊಳ್ಳೋ ಮನಿ ಇದ. ಹೆಂಗೈತಿ ಹೇಳು."

ಹತ್ತಿರ ಹಿಡಿದ. ದೂರ ಹಿಡಿದ. ಸ್ವಲ್ಪ ಓರೆ ಮಾಡಿದ. ಆಮೇಲೆ ಮುಖವರಳಿಸಿ ಹೇಳಿದ: "ಭಾಳ ಚಂದ ಐತವ್ವ. ಬಾಗಲಾ ಅಂತೂ ಒಂದ ನಂಬರ್."

ಆ ಹಾಳೆಯಲ್ಲಿ ಬಾಗಿಲೇ ಇರಲಿಲ್ಲ. ಬಾಗಿಲು ಇರಬೇಕಾದ ಕಡೆ ಬರೀ ಬಿಳಿ ಕಾಗದ. ಕಳ್ಳನನ್ನು ಹಿಡಿದ ಖುಷಿಯಾಗಬೇಕಿತ್ತು ನನ್ನಂಥವಳಿಗೆ, ಆಗಲಿಲ್ಲ, ನಾಚಿಕೆಯಾಯಿತು.

"ನಿನಗ ಕಾಣಂಗಿಲ್ಲೇನಪ್ಪಾ?"

ಅಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ ತೊಡೆಯ ಮೇಲಿಟ್ಟುಕೊಂಡ.

"ನಡುವ ಒಂದೀಟು ಕಾಣತೈತಿ, ಅದೂ ಈಗ ಮಬ್ಬ. ಬಾಜೂಕ ಇಲ್ಲ. ಹೊತ್ತ ಮುಳುಗಿದ ಮ್ಯಾಲ ಏನೂ ಇಲ್ಲ."

"ಯಾವಾಗಿಂದ?"

"ನಾ ಘಾಟ ಬಿಟ್ಟು ಏಳ ವರ್ಷ ಆತು."

ಏಳು ವರ್ಷ! ಅಪ್ಪ ನಿವೃತ್ತನಾಗಿ ಎರಡೇ ವರ್ಷ. ನಡುವಿನ ಐದು ವರ್ಷ? ನಿಧಾನವಾಗಿ ಹೇಳಿದ. ಡಿಪೋದಲ್ಲಿ ವರ್ಷಕ್ಕೊಮ್ಮೆ ಡ್ರೈವರುಗಳ ಕಣ್ಣಿನ ಪರೀಕ್ಷೆ. ಆ ವರ್ಷ ಡಾಕ್ಟರರು ಇವನನ್ನು ಒಂದು ಗಂಟೆ ಕೂರಿಸಿ, ನಾಳೆಯಿಂದ ಸ್ಟೇರಿಂಗ್ ಮುಟ್ಟಬೇಡ ಎಂದರಂತೆ. ಡಿಪೋದವರು ಒಳ್ಳೆಯವರು, ಕೆಲಸದಿಂದ ತೆಗೆಯದೆ ಟೈರಿಗೆ ಗಾಳಿ ತುಂಬುವ ಕಡೆ ಹಾಕಿದರು. ಮನೆಯಲ್ಲಿ ನಮಗೇನೂ ಗೊತ್ತಾಗಲಿಲ್ಲ. ಅದೇ ಹೊತ್ತಿಗೆ ಏಳುತ್ತಿದ್ದ, ಅದೇ ಖಾಕಿ ಹಾಕಿಕೊಂಡು ಹೋಗುತ್ತಿದ್ದ. ಕಾರವಾರದ ಡ್ಯೂಟಿ ಎಂದರೆ ದಿನ ಬಿಟ್ಟು ದಿನ ಆ ಕಡೆಯೇ ಉಳಿಯಬೇಕು, ಅದಕ್ಕೆ ನೈಟ್ ಔಟ್ ಎನ್ನುತ್ತಾರೆ. ಅಪ್ಪ ಬುತ್ತಿ ಕಟ್ಟಿಸಿಕೊಂಡು ನೈಟ್ ಔಟಿಗೆ ಹೋಗುತ್ತಿದ್ದ. ಹೋಗಿ, ನಮ್ಮ ಮನೆಯಿಂದ ಕೂಗಳತೆಯಲ್ಲಿದ್ದ ಡಿಪೋದ ಬೆಂಚಿನ ಮೇಲೆ ಮಲಗುತ್ತಿದ್ದ.

"ಮತ್ತ ಬ್ಯಾಸಗ್ಯಾಗ ಅಂಕೋಲಾದಿಂದ ಮಾವಿನಹಣ್ಣು ತರ್ತಿದ್ದೆಲ್ಲ?"

"ಘಾಟ ಹೊಡಿಯೋ ಹುಡುಗ್ರು ತಂದ ಕೊಡ್ತಿದ್ರು."

ನಾನು ಆಗ ಹುಬ್ಬಳ್ಳಿಯಲ್ಲೇ ಇಂಜಿನಿಯರಿಂಗ್ ಓದುತ್ತಿದ್ದೆ. ಎಲ್ಲರ ಮೇಲೂ ಅನುಮಾನ ಪಡುವ ನಾನು ಅಪ್ಪನ ಮುಂದೆ ಕೂತು, ಇವತ್ತು ಘಾಟಿಯಲ್ಲಿ ಎಷ್ಟು ಲಾರಿ ಕೆಟ್ಟು ನಿಂತಿದ್ದವು ಎಂದು ಕೇಳುತ್ತ ಆ ಹಣ್ಣು ಚೀಪಿದ್ದೆ. ಅವನು ಒಂದೊಂದನ್ನೂ ವರ್ಣಿಸಿದ್ದ. ಅದೆಲ್ಲವನ್ನೂ ನಂಬಿದ್ದೆ.

"ಅವ್ವಗರ ಗೊತ್ತಿತ್ತೇನು?"

"ಯಾರಿಗೂ ಹೇಳೂದು ಬ್ಯಾಡ ಅಂದಾಕಿನ ಆಕಿ. ನನ್ನವ್ವಗೂ ಹಿಂಗ ಆಗಿತ್ತಲ್ಲ, ನಿಮಗೆಲ್ಲ ವಯಸ್ಸಾತು ಅಂತ ಹೇಳಿದ್ವಿ. ಇದು ಮನಿತನದ ಕಣ್ಣವ್ವ. ಹೊರಗ ಬಿದ್ದಿದ್ರ ನಿನ್ನ ಯಾರ ಮಾಡ್ಕೋತಿದ್ರು?"

ನನಗೆ ಮೈಯೆಲ್ಲ ಉರಿಯಿತು. ಕೂಗಾಡಿಬಿಟ್ಟೆ. ಇಡೀ ಬೇ ಏರಿಯಾದಲ್ಲಿ ನಮ್ಮಪ್ಪ ಘಾಟಿ ಡ್ರೈವರ್ ಎಂದು ಡಂಗುರ ಸಾರಿದ್ದೇನೆ, ನನ್ನನ್ನು ಮೂರ್ಖಳನ್ನಾಗಿ ಮಾಡಿದಿರಿ, ನನ್ನ ಮದುವೆಯನ್ನೇ ಸುಳ್ಳಿನ ಮೇಲೆ ಕಟ್ಟಿದಿರಿ, ಕಣ್ಣು ಕಾಣದವನು ಏಳು ಸಮುದ್ರ ದಾಟಿ ಇಲ್ಲಿಗೆ ಯಾಕೆ ಬಂದೆ, ನೋಡೋಣ ಎಂದು ಯಾಕೆ ಹೇಳಿದೆ? ಬಾಯಿಗೆ ಬಂದದ್ದೆಲ್ಲ ಅಂದೆ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಹೇಳಿದ:

"ನಿನ್ನಿ ಹನ್ನೆರಡ ಸರ್ತಿ ಎತ್ತಿದ್ದೆ ಟವೆಲ್. ಹನ್ನೆರಡೂ ಸರ್ತಿ ಹಾರ್ನ್ ಹೊಡದಿ."

ಒಂದು ಕ್ಷಣ ಏನೆಂದೇ ತಿಳಿಯಲಿಲ್ಲ. ಆಮೇಲೆ ಹೊಳೆಯಿತು, ಅಲ್ಲೇ ನೆಲದ ಮೇಲೆ ಕೂತೆ. ಅದು ಡ್ರೈವಿಂಗ್ ಪಾಠವೇ ಅಲ್ಲ, ನನ್ನ ಕಣ್ಣಿನ ಪರೀಕ್ಷೆ. ಎಡಕ್ಕೆ ಏನು ಹೋಯಿತು, ಬಲಕ್ಕೆ ಏನು ಬಂತು ಎಂದು ಕೇಳುತ್ತಿದ್ದುದೂ ಕುತೂಹಲವಲ್ಲ. ಚಳಿಗಾಲದಲ್ಲಿ ನಾನು ಫೋನು ಮಾಡಿ ಲೈಸೆನ್ಸ್ ಸಿಕ್ಕಿತು, ಈಗ ನಾನೇ ಕಾರು ಓಡಿಸುತ್ತೇನೆ ಎಂದಿದ್ದೆ. ಅದರ ಮರುವಾರವೇ ಅವನು ಬರುತ್ತೇನೆ ಎಂದದ್ದು.

"ನೀ ಗಾಡಿ ಹೊಡಿತಿ ಅಂದ ಮ್ಯಾಲ ನನಗ ನಿದ್ದಿ ಹತ್ತಲಿಲ್ಲವ್ವ," ಎಂದ ಅಪ್ಪ. "ಕೇಳಿದ್ರ ನೀ ಹೆದರತಿ. ಅದಕ್ಕ ನಾನ ಬಂದು ನೋಡೂಣು ಅಂತ."

ಮೂರು ವಾರ ನಾನು ಅವನನ್ನು ಕಳ್ಳನಂತೆ ಕಾದಿದ್ದೆ. ಅಷ್ಟೂ ದಿನ ಅವನು ತನ್ನ ಉಳಿದ ಕಣ್ಣಿನಲ್ಲಿ ನನ್ನ ಕಣ್ಣನ್ನು ಕಾಯುತ್ತಿದ್ದ.

ಅಲ್ಲಿಂದ ಮುಂದೆ ನನ್ನ ಅನುಮಾನವೆಲ್ಲ ನನ್ನ ಮೇಲೇ ತಿರುಗಿತು. ಒಂದು ಕಣ್ಣು ಮುಚ್ಚಿಕೊಂಡು ಬಚ್ಚಲಿನ ಕನ್ನಡಿಯ ಮುಂದೆ ನಿಂತೆ. ದೀಪ ಆರಿಸಿ ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಿದೆ. ಹಿಂದಿನ ವಾರ ಕೈ ತಗುಲಿ ಚಹಾದ ಕಪ್ಪು ಬಿದ್ದಿತ್ತಲ್ಲ, ಅದು ಕಾಣದೆ ಬಿತ್ತೋ ಗಡಿಬಿಡಿಗೆ ಬಿತ್ತೋ? ಹನ್ನೆರಡಕ್ಕೆ ಹನ್ನೆರಡು ಎಂದರೂ, ಅರ್ಧ ಕುರುಡ ಎಣಿಸಿದ ಲೆಕ್ಕವನ್ನು ನಂಬುವುದು ಹೇಗೆ? ಇವರಿಗೆ ಹೇಳಬೇಡ ಎಂದು ಅಪ್ಪ ನನ್ನ ಕೈ ಹಿಡಿದು ಕೇಳಿಕೊಂಡಿದ್ದ. ಎರಡು ದಿನ ಇವರು ಮಾತಾಡಿಸಿದ್ದಕ್ಕೆಲ್ಲ ಹೂಂ, ಉಹೂಂ ಎಂದೆ. ಇಟಲಿಯ ಮ್ಯಾಪು ತಂದು ಮುಂದಿಟ್ಟರೆ ಆಮೇಲೆ ಎಂದೆ.

ಮೂರನೆಯ ದಿನ ವಾಲ್ನಟ್ ಕ್ರೀಕಿನ ಕಣ್ಣಿನ ಡಾಕ್ಟರರ ಬಳಿ ಹೋದೆವು. ಫ್ರೀವೇಯಲ್ಲಿ ನಾನೇ ಓಡಿಸಿದೆ, ಪಕ್ಕದಲ್ಲಿ ಅಪ್ಪ. ಆ ದಿನ ಅವನು ಏನೂ ಕೇಳಲಿಲ್ಲ. ಕತ್ತಲ ಕೋಣೆಯಲ್ಲಿ ನನ್ನ ಗಲ್ಲವನ್ನು ಒಂದು ಯಂತ್ರದ ಮೇಲಿರಿಸಿ, ಕೈಗೊಂದು ಗುಂಡಿ ಕೊಟ್ಟು, ನಡುವಿನ ಚುಕ್ಕೆಯನ್ನೇ ನೋಡು, ಎಲ್ಲಾದರೂ ಬೆಳಕು ಮಿಣುಕಿದರೆ ಒತ್ತು ಎಂದರು. ಮೇಲೆ, ಕೆಳಗೆ, ಕಣ್ಣಂಚಿನಲ್ಲಿ ಸಾಸಿವೆಯಷ್ಟು ಬೆಳಕು. ನಡುನಡುವೆ ಯಂತ್ರ ಸುಮ್ಮನಿರುತ್ತಿತ್ತು. ಅದು ನಿಜವಾಗಿ ಸುಮ್ಮನಿದೆಯೋ ಅಥವಾ ಬೆಳಕು ಬಂದು ನನಗೇ ಕಾಣುತ್ತಿಲ್ಲವೋ? ಜೀವಮಾನದಲ್ಲಿ ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಕಡೆಗೆ ಡಾಕ್ಟರರು ಹಾಳೆ ತೋರಿಸಿ, ನಿಮ್ಮಪ್ಪನ ಕಣ್ಣಿಗೆ ಬಂದಂಥದ್ದರ ಸುಳಿವೇ ಇಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗು ಎಂದರು. ನಾನು ಮತ್ತೆ ಮತ್ತೆ ಕೇಳಿದೆ. ಅವರು ಬೇಸರಿಸದೆ ಅದನ್ನೇ ಹೇಳಿದರು. ಹೊರಗೆ ಬಂದರೆ ಅಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಚಲೋ ಅದಾವಪ್ಪ."

"ಎರಡೂ ಕಣ್ಣಾ?"

"ಎರಡೂ."

ಅಪ್ಪ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಅಳತೊಡಗಿದ. ಅವ್ವ ಹೋದಾಗಲೂ ಅವನು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನರ್ಸು ಓಡಿ ಬಂದು ನೀರು ಕೊಟ್ಟಳು.

ಮನೆಗೆ ಬಂದರೆ ಇವರು ಬಾಗಿಲಲ್ಲೇ ನಿಂತಿದ್ದರು. ಮಧ್ಯಾಹ್ನವಿಡೀ ಫೋನು ಮಾಡಿ ಯಾರೂ ಎತ್ತದೆ ಆಫೀಸು ಬಿಟ್ಟು ಬಂದಿದ್ದರು. "ಎಲ್ಲಿಗೆ ಹೋಗಿದ್ರಿ? ಎರಡು ದಿನದಿಂದ ನೋಡ್ತಿದೀನಿ, ಇಬ್ಬರೂ ನನ್ನಿಂದ ಏನೋ ಮುಚ್ಚಿಡ್ತಿದೀರ," ಎಂದರು. ಅವರ ಮುಖದಲ್ಲಿ ಆ ಅನುಮಾನ ನೋಡಿ ನನಗೆ ಸಹಿಸಲಾಗಲಿಲ್ಲ. ಅದು ನನ್ನ ಮುಖದ ಮೇಲಿರುವಾಗ ಎದುರಿನವರಿಗೆ ಹೇಗಾಗುತ್ತದೆ ಎಂದು ಅವತ್ತೇ ನನಗೆ ತಿಳಿದದ್ದು. "ಬ್ಯಾಡವ್ವ, ಬ್ಯಾಡ," ಎಂದು ಅಪ್ಪ ನನ್ನ ತೋಳು ಎಳೆಯುತ್ತಿದ್ದರೂ ಬಿಡದೆ, ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಕಣ್ಣು, ಡಿಪೋ, ಅಜ್ಜಿ, ನನ್ನ ಪರೀಕ್ಷೆ, ಎಲ್ಲ.

ಮುಂದೆ ನಾವು ಮೂವರೂ ಇಟಲಿಗೆ ಹೋದೆವು, ಗಾಡಿ ನಾನೇ ಹೊಡೆದೆ, ಹೂಕುಂಡದ ಕೆಳಗೆ ಬೀಗದ ಕೈ ಇಡುವ ಆ ಹೆಂಗಸೂ ಒಳ್ಳೆಯವಳೇ. ಅದೆಲ್ಲ ಆಮೇಲಿನ ಮಾತು. ಆ ಸಂಜೆ ಮಾತ್ರ ನಮ್ಮ ಮನೆಯಲ್ಲಿ ಇಟಲಿಯ ಯೋಚನೆ ಯಾರಿಗೂ ಇರಲಿಲ್ಲ. ಇವರು ಕುರ್ಚಿ ಎಳೆದು ಕೂತರು. ನಾನು ಕೇಳಬಾರದಾಗಿತ್ತೇನೋ, ಆದರೆ ಕೇಳದೆ ಇರಲು ನನ್ನಿಂದಾಗಲಿಲ್ಲ.

"ಆವಾಗ ಗೊತ್ತಾಗಿದ್ರ ನನ್ನ ಮದುವಿ ಆಗ್ತಿದ್ರೇನ್ರಿ?"

ಏನು ಮಾತು ಅಂತ ಆಡ್ತೀಯ, ಆಗ್ದೇ ಏನು ಎಂದು ತಕ್ಷಣ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಇವರು ತುಂಬ ಹೊತ್ತು ಟೇಬಲ್ಲನ್ನೇ ನೋಡುತ್ತಿದ್ದರು. ಅಪ್ಪ ಪಕ್ಕದಲ್ಲೇ ನಿಂತಿದ್ದ.

"ಗೊತ್ತಿಲ್ಲ ಕಣೇ," ಎಂದರು ಕೊನೆಗೆ. "ನಮ್ಮಮ್ಮ ಬೇಡವೇ ಬೇಡ ಅಂತಿದ್ರು. ನಾನೇನಂತಿದ್ನೋ, ನಿಜವಾಗ್ಲೂ ಗೊತ್ತಿಲ್ಲ."

ನನಗೆ ಅಳು ಬಂತು. ಅಪ್ಪನಿಗೆ ಬರಲಿಲ್ಲ. ಅವನು ಕೈಯಾಡಿಸಿ ಕುರ್ಚಿಯನ್ನು ಹುಡುಕಿ, ಇವರ ಎದುರಿಗೆ ಕೂತ.

"ಖರೇ ಮಾತ ಹೇಳಿದ್ರಿ ಅಳಿಯಂದ್ರ," ಎಂದ. "ಈ ‘ಗೊತ್ತಿಲ್ಲ’ ಅನ್ನೂದಕ್ಕ ಹೆದರಿ ನೋಡ್ರಿ ನಾ ಐದ ವರ್ಷ ಡಿಪೋದಾಗ ಮಲಗಿದ್ದು."